ಪಿತ್ತದ ಗಂಧೆ ಮತ್ತೆ ಮತ್ತೆ ಏಳುವುದೇಕೆ? ಮದ್ದಿಗಿಂತ ಮೊದಲು ಕಾರಣ ತಿಳಿಯಿರಿ

(ಆರೋಗ್ಯ ಪಾಠ)



ಅಡಿಕೆ ಕೊನೆ ತೆಗೆಯುವ ದಿನಗಳು ಬಂದವೆಂದರೆ ತಿಳವಳ್ಳಿ, ಹಾನಗಲ್ಲ ಸೀಮೆಯ ತೋಟಿಗರಿಗೆ ಬಿಡುವೆಂಬುದಿಲ್ಲ. ಬೆಳಗಿನ ಜಾವದ ಚಳಿ, ಇಬ್ಬನಿಯಲ್ಲಿ ನೆನೆದ ತೋಟ, ಮಧ್ಯಾಹ್ನದ ಬಿಸಿಲು, ಸಂಜೆ ಅಡಿಕೆ ಬೇಯಿಸುವ ಹಂಡೆಯ ಉರಿ ಮತ್ತು ಹಬೆ, ಇವೆಲ್ಲವೂ ಒಂದೇ ದಿನದಲ್ಲಿ ಮೈಗೆ ತಾಗುತ್ತವೆ. ಕಾಫಿ ಕೊಯ್ಲಿನವರ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಇದೇ ದಿನಗಳಲ್ಲಿ ಕೆಲವರಿಗೆ ಮೈಮೇಲೆ ಕೆಂಪಗೆ ಗಾದರಿ ಎದ್ದು, ತುರಿಕೆ ಹತ್ತಿ, ರಾತ್ರಿಯ ನಿದ್ರೆ ಹಾಳಾಗುತ್ತದೆ. ಬೆಳಗಾಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಮರುದಿನ ಮತ್ತೆ ಬೇರೆ ಕಡೆ ಏಳುತ್ತದೆ. ಇದನ್ನೇ ನಾವು ಪಿತ್ತದ ಗಂಧೆ ಎನ್ನುತ್ತೇವೆ.

ಒಂದೆರಡು ದಿನ ಎದ್ದು ಹೋದರೆ ಯಾರೂ ಚಿಂತಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡಿದಾಗ ಜನ ಕಂಡಕಂಡ ಮದ್ದು ಮಾಡುತ್ತಾರೆ. ಒಬ್ಬರು ಹೇಳಿದ ಸೊಪ್ಪು, ಇನ್ನೊಬ್ಬರು ಕೊಟ್ಟ ಪುಡಿ, ಅಂಗಡಿಯ ಮಾತ್ರೆ ಎಲ್ಲವೂ ಒಟ್ಟಿಗೇ ಹೊಟ್ಟೆಗೆ ಹೋಗುತ್ತವೆ. ದುಡ್ಡೂ ಹೋಗುತ್ತದೆ, ಕೆಲಸವೂ ಕೆಡುತ್ತದೆ. ಈ ಬೇನೆಯನ್ನು ಆಯುರ್ವೇದ ಹೇಗೆ ನೋಡುತ್ತದೆ, ಅದರಲ್ಲಿ ನಾವು ಅನುಸರಿಸಬೇಕಾದದ್ದು ಯಾವುದು, ಎಚ್ಚರ ವಹಿಸಬೇಕಾದದ್ದು ಎಲ್ಲಿ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಗಂಧೆಯನ್ನು ಗುರುತಿಸುವುದು ಹೇಗೆ?

ಗಂಧೆಯ ಗಾದರಿಗೆ ಒಂದು ಗುಣವಿದೆ. ಒಂದು ಕಡೆ ಎದ್ದ ಗಾದರಿ ಸಾಮಾನ್ಯವಾಗಿ 24 ತಾಸುಗಳೊಳಗೆ ಗುರುತು ಉಳಿಸದೆ ಇಳಿದುಹೋಗುತ್ತದೆ. ಸಂಶಯವಿದ್ದರೆ ಒಂದು ಗಾದರಿಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತನ್ನು ಬರೆದಿಡಿ. ಮರುದಿನ ಅದೇ ಹೊತ್ತಿಗೆ ಗೆರೆಯೊಳಗೆ ಏನೂ ಇಲ್ಲದಿದ್ದರೆ ಅದು ಗಂಧೆ ಎನ್ನಲು ಅಡ್ಡಿಯಿಲ್ಲ. ಗಾದರಿ ಒಂದೇ ಕಡೆ ಎರಡು ಮೂರು ದಿನ ನಿಂತರೆ, ಉರಿ ಮತ್ತು ನೋವು ಇದ್ದರೆ, ಇಳಿದ ಮೇಲೆ ಕಂದಿದ ಕಲೆ ಉಳಿದರೆ ಅದು ರಕ್ತನಾಳಗಳ ಬೇರೆ ಬೇನೆಯಿರಬಹುದು. ಅಂಥವರು ವೈದ್ಯರಿಗೆ ತೋರಿಸಲೇಬೇಕು. ಬೆರಳ ಸಂದಿಯಲ್ಲಿ ಗುಳ್ಳೆಯಾಗಿ ಮನೆಮಂದಿಗೆಲ್ಲ ಹರಡುವುದು ಕಜ್ಜಿ. ಅದಕ್ಕೂ ಗಂಧೆಗೂ ಸಂಬಂಧವಿಲ್ಲ.

ಚರ್ಮದಲ್ಲಿರುವ ಒಂದು ಬಗೆಯ ಕಣಗಳು ಹಿಸ್ಟಮಿನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ, ನೀರಿನಂಶ ಸೋರಿ, ಚರ್ಮ ಉಬ್ಬುತ್ತದೆ, ನವೆ ಹತ್ತುತ್ತದೆ. ಇದು ಇಂದಿನ ವೈದ್ಯಶಾಸ್ತ್ರದ ವಿವರಣೆ. ಆರು ವಾರಗಳಿಗಿಂತ ಹೆಚ್ಚು ಕಾಲ ಹೀಗೆ ಏಳುತ್ತಿದ್ದರೆ ಅದನ್ನು ಹಳೆಯ ಗಂಧೆ, ಅಂದರೆ ದೀರ್ಘಕಾಲದ ಗಂಧೆ ಎಂದು ಎಣಿಸುತ್ತಾರೆ. ಇದು ಅಂಟುರೋಗವಲ್ಲ. ರೋಗಿಯ ಬಟ್ಟೆ, ತಾಟು ಬೇರೆ ಇಡುವ ಅಗತ್ಯವಿಲ್ಲ.

2. ಆಯುರ್ವೇದದಲ್ಲಿ ಇದರ ಹೆಸರು

ಮಾಧವಕರನ ನಿದಾನಗ್ರಂಥದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಬೇನೆಗಳನ್ನು ಒಂದೇ ಅಧ್ಯಾಯದಲ್ಲಿ ವಿವರಿಸಲಾಗಿದೆ. ತಣ್ಣನೆಯ ಗಾಳಿ ತಾಗಿ ಕಫ ಮತ್ತು ವಾತ ಕೆರಳುತ್ತವೆ. ಅವು ಪಿತ್ತದೊಡನೆ ಕೂಡಿ ಒಳಗೂ ಹೊರಗೂ ಹರಡಿ ಚರ್ಮದ ಮೇಲೆ ಗಾದರಿಯನ್ನು ಎಬ್ಬಿಸುತ್ತವೆ ಎಂಬುದು ಅಲ್ಲಿನ ನಿರೂಪಣೆ. ಕಡಜ ಕಚ್ಚಿದಂತೆ ಊದುತ್ತದೆ ಎಂಬ ಹೋಲಿಕೆಯನ್ನೂ ಕೊಡಲಾಗಿದೆ. ತೋಟದಲ್ಲಿ ಕಡಜದ ಕಡಿತ ಕಂಡವರಿಗೆ ಈ ಹೋಲಿಕೆ ಎಷ್ಟು ಸರಿಯೆಂದು ಬೇರೆ ಹೇಳಬೇಕಾಗಿಲ್ಲ.

ವಾತ ಹೆಚ್ಚಾಗಿದ್ದರೆ ಶೀತಪಿತ್ತ, ಕಫ ಹೆಚ್ಚಾಗಿದ್ದರೆ ಉದರ್ದ ಎಂದು ಭೇದ. ಉದರ್ದವು ಶಿಶಿರ ಋತುವಿನಲ್ಲಿ ಹೆಚ್ಚು ಎಂದೂ ಹೇಳಿದೆ. ಗಾದರಿ ಏಳುವ ಮುಂಚೆ ಬಾಯಾರಿಕೆ, ಊಟ ಬೇಡವೆನಿಸುವುದು, ವಾಕರಿಕೆ, ಮೈಭಾರ, ಕಣ್ಣು ಕೆಂಪಾಗುವುದು ಇವು ಮುನ್ಸೂಚನೆಗಳು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಜನರ ಬಾಯಲ್ಲಿ ಇದು ಬರಿ ‘ಪಿತ್ತ’. ಆದ್ದರಿಂದ ಎಲ್ಲರೂ ಮೈ ತಂಪು ಮಾಡಲು ಹೊರಡುತ್ತಾರೆ. ತಣ್ಣೀರ ಸ್ನಾನ, ಎಳನೀರು, ಮಜ್ಜಿಗೆ ಶುರುವಾಗುತ್ತದೆ. ಆದರೆ ಶಾಸ್ತ್ರದ ಹೆಸರಿನಲ್ಲೇ ಮೊದಲು ‘ಶೀತ’ ಇದೆ. ಚಳಿಯಿಂದ ಏಳುವ ಗಂಧೆಗೆ ತಂಪು ಮಾಡಿದರೆ ಬೇನೆ ಏರುತ್ತದೆ. ಬೆವರಿನಿಂದ ಏಳುವ ಗಂಧೆಗೆ ಬಿಸಿನೀರು ಸುರಿದರೂ ಹಾಗೆಯೇ. ಕಾರಣ ತಿಳಿಯದೆ ಮದ್ದು ಮಾಡಬಾರದೆಂಬುದು ಇದಕ್ಕಾಗಿಯೇ.

3. ಮೊದಲ ಚಿಕಿತ್ಸೆ: ನಿದಾನ ಪರಿವರ್ಜನ

ನಿದಾನವೆಂದರೆ ಕಾರಣ, ಪರಿವರ್ಜನವೆಂದರೆ ಅದನ್ನು ಬಿಡುವುದು. ಯಾವ ಕಷಾಯಕ್ಕೂ ಮುಂಚೆ ಆಯುರ್ವೇದ ಹೇಳುವ ಚಿಕಿತ್ಸೆ ಇದೇ. ಇದಕ್ಕೆ ಕಾಸು ಬೇಡ, ಒಂದು ನೋಟುಬುಕ್ಕು ಸಾಕು. ಮೂರು ವಾರಗಳ ಕಾಲ ಪ್ರತಿದಿನ ಈ ಕೆಳಗಿನವನ್ನು ಬರೆಯಿರಿ:

(ಅ) ಗಾದರಿ ಎದ್ದ ಹೊತ್ತು, ಎದ್ದ ಜಾಗ, ಎಷ್ಟು ಹೊತ್ತು ಇತ್ತು.
(ಆ) ಅದಕ್ಕೆ ಮುಂಚಿನ ಆರು ತಾಸಿನಲ್ಲಿ ಮಾಡಿದ ಕೆಲಸ.
(ಇ) ಅದಕ್ಕೆ ಮುಂಚಿನ ಎರಡು ತಾಸಿನಲ್ಲಿ ತಿಂದದ್ದು, ಕುಡಿದದ್ದು.
(ಈ) ಆ ದಿನ ನುಂಗಿದ ಮಾತ್ರೆ, ಕಷಾಯ, ಪುಡಿ.
(ಉ) ಚಳಿ, ಬಿಸಿಲು, ಬೆವರು, ಹುಳುವಿನ ಕಡಿತ, ನಿದ್ದೆಗೇಡು ಇದ್ದರೆ ಅದು.

ಹೀಗೆ ಬರೆದಾಗ ಹಲವರಿಗೆ ಒಂದು ಜಾಡು ಸಿಗುತ್ತದೆ. ತೋಟಿಗರಲ್ಲಿ ಕಾಣಬಹುದಾದ ಮುಖ್ಯ ಬಗೆಗಳು ಇವು:

ಚಳಿಯ ಗಂಧೆ: ಇಬ್ಬನಿಯಲ್ಲಿ ನಡೆದ ಮೇಲೆ, ತಣ್ಣೀರಲ್ಲಿ ಕೈ ಇಟ್ಟ ಮೇಲೆ, ಗಾಳಿಗೆ ತೆರೆದ ಮೈಯಲ್ಲಿ ಏಳುತ್ತದೆ. ಇಂಥವರು ತೋಳು ಮುಚ್ಚುವ ಅಂಗಿ, ತಲೆಗೆ ರುಮಾಲು ಧರಿಸಿ ಬಿಸಿಲೇರಿದ ಮೇಲೆ ಕೆಲಸಕ್ಕೆ ಇಳಿಯಬೇಕು. ಕೆರೆ, ಬಾವಿಗೆ ಧುಮುಕಿ ಈಜುವುದನ್ನು ಪೂರ್ತಿ ಬಿಡಬೇಕು. ಇಡೀ ಮೈಗೆ ಒಮ್ಮೆಲೆ ತಂಪು ತಾಗಿದರೆ ರಕ್ತದೊತ್ತಡ ಕುಸಿದು ನೀರಿನಲ್ಲೇ ಎಚ್ಚರ ತಪ್ಪುವ ಅಪಾಯವಿದೆ.

ಬೆವರಿನ ಗಂಧೆ: ಹಂಡೆಯ ಒಲೆಯ ಮುಂದೆ ನಿಂತಾಗ, ಮೂಟೆ ಹೊತ್ತಾಗ, ಬಿಸಿನೀರ ಸ್ನಾನವಾದ ಮೇಲೆ ಸಾಸಿವೆ ಕಾಳಿನಂಥ ಸಣ್ಣ ಗಾದರಿಗಳು ಏಳುತ್ತವೆ. ಒಲೆಯ ಕೆಲಸವನ್ನು ಸರದಿಯ ಮೇಲೆ ಮಾಡುವುದು, ಉಗುರುಬೆಚ್ಚನೆಯ ನೀರಲ್ಲಿ ಸ್ನಾನ ಮಾಡುವುದು ಇವರಿಗೆ ಹಿತ.

ಒತ್ತಡದ ಗಂಧೆ: ಮರ ಹತ್ತುವಾಗ ಅಂಗಾಲಿಗೆ ಹಗ್ಗ ಒತ್ತಿದ ಕಡೆ, ಹೊರೆ ಹೊತ್ತ ಹೆಗಲಲ್ಲಿ, ಕತ್ತಿ ಹಿಡಿದ ಅಂಗೈಯಲ್ಲಿ ನಾಲ್ಕಾರು ತಾಸು ಕಳೆದ ಮೇಲೆ ಬಾವು ಬರುತ್ತದೆ. ಕೆಲಸ ಬೆಳಿಗ್ಗೆ, ಬಾವು ಸಂಜೆ; ಆದ್ದರಿಂದ ಎರಡಕ್ಕೂ ಇರುವ ಸಂಬಂಧ ಬರೆದಿಡದೆ ತಿಳಿಯುವುದಿಲ್ಲ. ಹೊರೆಯ ಕೆಳಗೆ ದಪ್ಪ ಬಟ್ಟೆಯ ಮಡಿಕೆ ಇಡಿ, ಹೊರೆಯನ್ನು ಚಿಕ್ಕದು ಮಾಡಿ.

ಉಜ್ಜಿದರೆ ಏಳುವ ಗಂಧೆ: ಉಗುರಿನಿಂದ ಗೀರಿದಲ್ಲಿ ಗೆರೆಯಾಗಿ ಉಬ್ಬುತ್ತದೆ. ಗಂಧೆಗೆ ಕಂಬಳಿಯಿಂದ ಉಜ್ಜುವ ರೂಢಿ ನಮ್ಮಲ್ಲಿ ಇದೆ. ಇಂಥವರಿಗೆ ಕಂಬಳಿಯಿಂದ ಉಜ್ಜಿದರೆ ಬೇನೆಗೆ ಬೇನೆ ಕೂಡಿಸಿದಂತೆ. ಹೊದೆಯಬಹುದು, ಉಜ್ಜಬಾರದು.

ತಾಗಿದ್ದರಿಂದ ಏಳುವುದು: ಕಂಬಳಿಹುಳು, ಕೆಂಜಿಗ, ತುರಚೆ ಗಿಡ, ನಸುಗುನ್ನಿ ಇವು ತಾಗಿದ ಕಡೆ ಗಾದರಿ, ನವೆ ಬರುತ್ತದೆ. ಬೋರ್ಡೊ ದ್ರಾವಣ ಹಾಗೂ ಇತರ ಔಷಧಿ ಸಿಂಪಡಿಸಿದ ದಿನ ಚರ್ಮ ಕೆರಳುವುದೂ ಉಂಟು. ಇದನ್ನು ಹಳೆಯ ಗಂಧೆಯೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು. ಸಿಂಪಡಣೆ ಮುಗಿದ ಕೂಡಲೇ ಸೋಪು ಹಚ್ಚಿ ಮೈ ತೊಳೆದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಮಾತ್ರೆಯಿಂದ ಏಳುವುದು: ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಬ್ರುಫೆನ್, ಡೈಕ್ಲೊಫಿನಾಕ್ ಮಾತ್ರೆಗಳು ಕೆಲವರಲ್ಲಿ ಹಳೆಯ ಗಂಧೆಯನ್ನು ಕೆರಳಿಸುತ್ತವೆ. ಸುಗ್ಗಿಯ ಕಾಲದಲ್ಲಿ ದಿನವೂ ಇಂಥ ಮಾತ್ರೆ ನುಂಗುತ್ತ, ಗಂಧೆಗೆ ಬದನೆಕಾಯಿಯನ್ನು ದೂರುವವರು ಇದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳಿಂದ ತುಟಿ, ನಾಲಗೆ ಊದಬಹುದು. ಶುರು ಮಾಡಿ ತಿಂಗಳುಗಳು ಕಳೆದ ಮೇಲೂ ಹೀಗಾಗುವುದುಂಟು. ಅಂಥ ಊತ ಕಂಡ ದಿನವೇ ವೈದ್ಯರನ್ನು ಕಂಡು ಮಾತ್ರೆ ಬದಲಿಸಿಕೊಳ್ಳಬೇಕು.

ಎಷ್ಟು ಬರೆದರೂ ಕಾರಣ ಸಿಗದವರೂ ಬಹಳ ಮಂದಿ. ಅವರು ಎದೆಗುಂದಬೇಕಾಗಿಲ್ಲ. ಹಳೆಯ ಗಂಧೆ ಹೆಚ್ಚಿನವರಲ್ಲಿ ಕೆಲವು ವರ್ಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಥೈರಾಯ್ಡ್ ದೋಷ ಇದರ ಜೊತೆಗೆ ಇರುವುದುಂಟಾದ್ದರಿಂದ ಅದರ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

4. ಪಥ್ಯ: ಎಷ್ಟು, ಎಲ್ಲಿಯವರೆಗೆ?

ಹುಳಿ ಮೊಸರು, ಹೆಚ್ಚು ಉಪ್ಪು-ಖಾರ, ರಾತ್ರಿಯ ಮೊಸರು, ಹಾಲು-ಮೀನಿನಂಥ ವಿರುದ್ಧಾಹಾರ, ಹಸಿವಿಲ್ಲದೆ ಉಣ್ಣುವುದು, ಹಗಲುನಿದ್ದೆ, ವಾಂತಿ ಬಂದರೆ ತಡೆಯುವುದು, ಇವು ಆಯುರ್ವೇದ ವೈದ್ಯರು ಬಿಡಿಸುವ ಸಂಗತಿಗಳು. ಹಳೆಯ ಅಕ್ಕಿಯ ಅನ್ನ, ಹೆಸರುಬೇಳೆಯ ತೊವ್ವೆ, ಹುರುಳಿಯ ಸಾರು, ಹಾಗಲಕಾಯಿ, ಪಡವಲಕಾಯಿ, ಬೆಚ್ಚನೆಯ ನೀರು ಹಿತವೆನ್ನುತ್ತಾರೆ. ಇವು ನಮ್ಮ ಅಡಿಗೆಮನೆಯಲ್ಲಿ ಕಷ್ಟವಿಲ್ಲದೆ ನಡೆಯುವಂಥವು.

ಆದರೆ ಪಥ್ಯವೆಂಬುದು ಉಪವಾಸವಾಗಬಾರದು. ತಿಂದದ್ದು ಒಗ್ಗದೆ ಗಂಧೆ ಎದ್ದರೆ ಅದು ಸಾಮಾನ್ಯವಾಗಿ ಎರಡು ತಾಸುಗಳೊಳಗೆ ಏಳುತ್ತದೆ, ತಿಂದಾಗಲೆಲ್ಲ ಏಳುತ್ತದೆ. ಮೊನ್ನೆ ತಿಂದ ಬದನೆಕಾಯಿ ಇಂದಿನ ಗಾದರಿಗೆ ಕಾರಣವಾಗುವುದು ಅಪರೂಪ. ದಿನವೂ ಏಳುವ ಹಳೆಯ ಗಂಧೆಗೆ ಒಂದು ಪದಾರ್ಥವೇ ಕಾರಣವೆಂಬುದು ಇನ್ನೂ ಅಪರೂಪ. ಆದ್ದರಿಂದ ಮೂರು ವಾರ ಪಥ್ಯ ಮಾಡಿ ನೋಡಿ. ಆಮೇಲೆ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ನಾಲ್ಕು ದಿನಕ್ಕೆ ಒಂದರಂತೆ ಮತ್ತೆ ಸೇರಿಸಿ. ಏನೂ ಆಗದಿದ್ದರೆ ಅದನ್ನು ತಿನ್ನಲು ಭಯ ಬೇಡ. ಬೇಳೆ, ಹಾಲು, ತರಕಾರಿ ಎಲ್ಲವನ್ನೂ ವರ್ಷಗಟ್ಟಲೆ ಬಿಟ್ಟು ಮೈ ಸೊರಗಿಸಿಕೊಂಡರೆ ಗಂಧೆ ಹೋಗದು, ಶಕ್ತಿ ಮಾತ್ರ ಹೋಗುತ್ತದೆ. ಇದಕ್ಕೆ ಒಂದು ಹೊರತು ಇದೆ: ಒಂದು ಪದಾರ್ಥ ತಿಂದು ಉಸಿರು ಕಟ್ಟಿದ್ದರೆ, ಬಾಯಿ-ತುಟಿ ಊದಿದ್ದರೆ ಅದನ್ನು ಮನೆಯಲ್ಲಿ ಮತ್ತೆ ಪರೀಕ್ಷಿಸಲೇಬಾರದು.

5. ಔಷಧಗಳು

ಆಯುರ್ವೇದದ ಚಿಕಿತ್ಸೆ ಎರಡು ಬಗೆ: ಶೋಧನ ಮತ್ತು ಶಮನ. ಶೋಧನದಲ್ಲಿ ಪಡವಲ, ಬೇವು, ಆಡುಸೋಗೆಯ ಕಷಾಯದಿಂದ ವಮನ, ತ್ರಿಫಲೆ ಮೊದಲಾದವುಗಳಿಂದ ವಿರೇಚನ ಹೇಳಿದೆ. ಇವನ್ನು ಪದವೀಧರ ವೈದ್ಯರ ಎದುರಿನಲ್ಲೇ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು, ಮುದುಕರು, ಹೃದ್ರೋಗಿಗಳು ಮನೆಯಲ್ಲಿ ವಾಂತಿ, ಭೇದಿ ಮಾಡಿಸಿಕೊಳ್ಳುವುದು ಅಪಾಯ.

ಶಮನ ಔಷಧಗಳಲ್ಲಿ ಹೆಸರಾದದ್ದು ಹರಿದ್ರಾಖಂಡ. ಭೈಷಜ್ಯರತ್ನಾವಳಿಯ ಶೀತಪಿತ್ತ ಚಿಕಿತ್ಸೆಯಲ್ಲಿ ಇದರ ಪಾಠವಿದೆ. ಅರಿಸಿನ, ತುಪ್ಪ, ಹಾಲು, ಸಕ್ಕರೆ ಇವುಗಳ ಜೊತೆಗೆ ಶುಂಠಿ, ಮೆಣಸು, ಹಿಪ್ಪಲಿ, ತ್ರಿಫಲೆ, ತಿಗಡೆ ಮುಂತಾದವು ಸೇರುತ್ತವೆ. ಇದರಲ್ಲಿ 8 ಪಲ ಅರಿಸಿನಕ್ಕೆ 50 ಪಲ ಸಕ್ಕರೆ ಬೀಳುತ್ತದೆ. ಅಂದರೆ ಅರಿಸಿನದ ಆರು ಪಟ್ಟಿಗಿಂತಲೂ ಹೆಚ್ಚು ಸಕ್ಕರೆ. ಸಕ್ಕರೆ ಕಾಯಿಲೆಯವರು ‘ಅರಿಸಿನದ ಪುಡಿ ತಾನೇ’ ಎಂದು ಚಮಚಗಟ್ಟಲೆ ತಿನ್ನಬಾರದು. ತಿಗಡೆ ಭೇದಿಯ ಮದ್ದು. ಹೊಟ್ಟೆ ಸಡಿಲಾದರೆ ಪ್ರಮಾಣ ಇಳಿಸಲು ವೈದ್ಯರನ್ನು ಕೇಳಬೇಕು. ಕೆಲವು ಪಾಠಗಳಲ್ಲಿ ಲೋಹಭಸ್ಮವೂ ಇರುತ್ತದೆ.

ಚರಕಸಂಹಿತೆಯಲ್ಲಿ ಉದರ್ದವನ್ನು ಶಮನ ಮಾಡುವ ಹತ್ತು ದ್ರವ್ಯಗಳ ಒಂದು ಗಣವೇ ಇದೆ. ಕಗ್ಗಲಿ, ಹೊಳೆಮತ್ತಿ, ಹೊನ್ನೆ, ಬೋರೆ ಮುಂತಾದ ಮರಗಳು ಅದರಲ್ಲಿ ಸೇರಿವೆ. ನಮ್ಮ ಬೆಟ್ಟ, ಹೊಳೆದಂಡೆಗಳಲ್ಲಿ ಕಾಣುವ ಮರಗಳೇ ಇವು. ಕಗ್ಗಲಿಯಿಂದ ಕಾಚು ಬರುತ್ತದೆಂದು ಎಲೆಯಡಿಕೆಯೊಡನೆ ಕಾಚು ಜಗಿಯುವುದು ಮಾತ್ರ ಔಷಧವಾಗದು.

ಅಮೃತಬಳ್ಳಿಯ ಕಷಾಯವೂ ರೂಢಿಯಲ್ಲಿದೆ. ಕೋವಿಡ್ ಕಾಲದಲ್ಲಿ ಇದನ್ನು ಜನ ಅಳತೆಯಿಲ್ಲದೆ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಕೇಂದ್ರದ ಆಯುಷ್ ಮಂತ್ರಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯ ಬಳಕೆಯಾಗಿರಬಹುದೆಂದು ತಿಳಿಸಿತು. ಯಾವ ಪಕ್ಷ ಸರಿಯಾದರೂ ನಮಗೆ ಪಾಠ ಒಂದೇ: ಬೇಲಿಯ ಬಳ್ಳಿಯನ್ನು ಗುರುತು ತಿಳಿದವರಿಂದ ಖಚಿತ ಮಾಡಿಕೊಳ್ಳದೆ ಬಳಸಬಾರದು. ತಿಂಗಳುಗಟ್ಟಲೆ ತಾವೇ ಕುಡಿಯುತ್ತ ಹೋಗಬಾರದು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಎಲ್ಲ ಕಷಾಯಗಳನ್ನೂ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ಕೊಳ್ಳಬೇಡಿ. ಮೊದಲ ದಿನವೇ ಜಾದೂ ಮಾಡಿದಂತೆ ನವೆ ನಿಲ್ಲಿಸುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಇರಲೇಬೇಕು. ಡಬ್ಬಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಒಳಗಿರುವ ದ್ರವ್ಯಗಳು ಇವನ್ನು ನೋಡಿ, ರಸೀದಿ ಪಡೆದು ಕೊಳ್ಳಿ. ಗೊಬ್ಬರದ ಚೀಲಕ್ಕೆ ತೋರುವ ಎಚ್ಚರವನ್ನು ಹೊಟ್ಟೆಗೆ ಹೋಗುವ ಔಷಧಕ್ಕೂ ತೋರಬೇಕಲ್ಲವೇ?

6. ಮನೆಮದ್ದು

ಹಸಿಶುಂಠಿಯ ರಸಕ್ಕೆ ಹಳೆಯ ಬೆಲ್ಲ ಕೂಡಿಸಿ ಸೇವಿಸುವುದು, ಓಮ ಮತ್ತು ಬೆಲ್ಲವನ್ನು ಏಳು ದಿನ ತಿನ್ನುವುದು ಗ್ರಂಥದಲ್ಲೂ ಇದೆ, ಅಜ್ಜಿಯರ ಬಾಯಲ್ಲೂ ಇದೆ. ಜೀರ್ಣ ಸರಿಯಿಲ್ಲದವರು ಅಲ್ಪ ಪ್ರಮಾಣದಲ್ಲಿ ಮಾಡಿ ನೋಡಬಹುದು. ಎದೆಯುರಿ ಇರುವವರಿಗೆ ಇದು ಒಗ್ಗದು. ದೊಡ್ಡಪತ್ರೆಯ ಎಲೆಯ ರಸ ಹಚ್ಚುವುದು, ಮುರುಗಲು ಹಣ್ಣಿನ ಸಿಪ್ಪೆಯ ಪಾನಕ ಕುಡಿಯುವುದು ನಮ್ಮ ಮಲೆನಾಡ ಸೆರಗಿನ ರೂಢಿ. ಹಚ್ಚುವ ಯಾವುದೇ ರಸವನ್ನು ಮೊದಲು ಮುಂಗೈಯ ಒಂದು ಚಿಕ್ಕ ಜಾಗದಲ್ಲಿ ಹಚ್ಚಿ, ಒಂದು ದಿನ ಕಾದು ನೋಡಿ.

ಒಂದು ಸಲಕ್ಕೆ ಒಂದೇ ಮದ್ದು ಮಾಡುವುದು ಲೇಸು. ಐದು ಮದ್ದನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣ, ಯಾವುದರಿಂದ ಕೇಡು ತಿಳಿಯುವುದಿಲ್ಲ. ತಾನಾಗಿಯೇ ಏರಿ ಇಳಿಯುವುದು ಈ ಬೇನೆಯ ಸ್ವಭಾವ. ಇಳಿಯುವ ಹೊತ್ತಿಗೆ ಕೈಯಲ್ಲಿದ್ದ ಮದ್ದಿಗೆ ಕೀರ್ತಿ ಸಲ್ಲುತ್ತದೆ. ಆ ಕೀರ್ತಿ ನಿಜವೋ ಅಲ್ಲವೋ ಎಂಬುದನ್ನು ನಿಮ್ಮ ನೋಟುಬುಕ್ಕೇ ಹೇಳಬೇಕು.

7. ಮರ ಹತ್ತುವವರಿಗೆ ವಿಶೇಷ ಎಚ್ಚರಿಕೆ

ನವೆ ತಡೆಯಲಾರದೆ ಅಂಗಡಿಯಿಂದ ಅವಿಲ್, ಸಿ.ಪಿ.ಎಂ. ಮುಂತಾದ ಹಳೆಯ ಬಗೆಯ ಮಾತ್ರೆ ತಂದು ನುಂಗುವುದು ವಾಡಿಕೆ. ನವೆ ನಿಲ್ಲುತ್ತದೆ ನಿಜ, ಆದರೆ ಮಂಪರು ಬರುತ್ತದೆ. ರಾತ್ರಿ ನುಂಗಿದ್ದರ ಜಡತ್ವ ಬೆಳಗಿನವರೆಗೂ ಉಳಿಯಬಹುದು. ಅಂಥ ಸ್ಥಿತಿಯಲ್ಲಿ ಅಡಿಕೆ ಮರ ಹತ್ತುವುದು, ದೋಟಿ ಹಿಡಿಯುವುದು, ಟ್ರ್ಯಾಕ್ಟರು, ಕಳೆ ಕೊಚ್ಚುವ ಯಂತ್ರ ನಡೆಸುವುದು ಜೀವಕ್ಕೆ ಅಪಾಯ. ತೋಟದ ಯಜಮಾನರು ಕೊನೆ ತೆಗೆಯುವವರನ್ನು ಮರ ಹತ್ತಿಸುವ ಮುಂಚೆ ‘ಏನಾದರೂ ಮಾತ್ರೆ ತಗೊಂಡೀರೇನು?’ ಎಂದು ಒಂದು ಮಾತು ಕೇಳುವುದು ಧರ್ಮ. ‘ಹೌದು’ ಎಂದರೆ ಆ ದಿನ ನೆಲದ ಕೆಲಸ ಕೊಡಿ, ಕೂಲಿ ಕಡಿಯಬೇಡಿ. ಕೂಲಿ ಹೋಗುವ ಭಯವಿದ್ದರೆ ಯಾರೂ ನಿಜ ಹೇಳರು.

ಹೊಸ ಬಗೆಯ ಸೆಟ್ರಿಜಿನ್, ಲೊರಾಟಡಿನ್ ಮುಂತಾದವುಗಳಲ್ಲಿ ಮಂಪರು ಕಡಿಮೆ. ಕೆಲವರಿಗೆ ಸೆಟ್ರಿಜಿನ್‌ನಿಂದಲೂ ನಿದ್ದೆ ಬರುವುದರಿಂದ ಮೊದಲ ದಿನಗಳಲ್ಲಿ ಮರ ಹತ್ತದೆ ನೋಡಿ. ಹಳೆಯ ಗಂಧೆಗೆ ಇವನ್ನು ಗಾದರಿ ಎದ್ದಾಗ ಮಾತ್ರವಲ್ಲದೆ ದಿನವೂ ನೇಮದಿಂದ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಬಗ್ಗದಿದ್ದರೆ ಪ್ರಮಾಣ ಏರಿಸುತ್ತಾರೆ. ಅದಕ್ಕೂ ಬಗ್ಗದ ಬೇನೆಗೆ ಚುಚ್ಚುಮದ್ದು ಇದೆ. ಆಯುರ್ವೇದದ ಚಿಕಿತ್ಸೆ ಶುರು ಮಾಡಿದೆನೆಂದು ಈ ಮಾತ್ರೆಗಳನ್ನು ಒಮ್ಮೆಲೆ ಬಿಡಬೇಕಾಗಿಲ್ಲ. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧದ ವಿಷಯ ತಿಳಿಸಿ. ಮುಚ್ಚಿಡುವುದರಿಂದ ಕೇಡು ನಿಮಗೇ.

8. ಕಾಯಬಾರದ ಹೊತ್ತು

ಗಂಧೆಯ ಜೊತೆಗೆ ನಾಲಗೆ ಅಥವಾ ಗಂಟಲು ಊದುವುದು, ಧ್ವನಿ ಬದಲಾಗುವುದು, ಉಸಿರಾಟಕ್ಕೆ ಕಷ್ಟ, ತಲೆ ತಿರುಗಿ ಬೀಳುವುದು, ಬಿಡದೆ ವಾಂತಿ, ಇವುಗಳಲ್ಲಿ ಒಂದು ಕಂಡರೂ ಅದು ಮನೆಮದ್ದಿನ ಹೊತ್ತಲ್ಲ. ಹೆಜ್ಜೇನು, ಕಡಜ ಕಚ್ಚಿದ ಮೇಲೆ ಇಡೀ ಮೈಗೆ ಗಾದರಿ ಎದ್ದರೂ ಹಾಗೆಯೇ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು. ಅದು ಆಸ್ಪತ್ರೆಯಲ್ಲಿ ಇರುತ್ತದೆ. 108ಕ್ಕೆ ಕರೆ ಮಾಡಿ. ಗಾಡಿ ಬರುವುದು ತಡವೆಂದು ತೋರಿದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂಡಿಸಿ. ಎದ್ದು ನಡೆಯಲು ಬಿಡಬೇಡಿ, ಬಾಯಿಗೆ ಕಷಾಯ ಹೊಯ್ಯಬೇಡಿ. ತೋಟ ಊರಿಂದ ದೂರವಿದ್ದವರು ಯಾರ ಬಳಿ ವಾಹನವಿದೆ, ರಾತ್ರಿ ವೈದ್ಯರು ಸಿಗುವ ಆಸ್ಪತ್ರೆ ಯಾವುದು ಎಂಬುದನ್ನು ಸುಗ್ಗಿಗೆ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳತಕ್ಕದ್ದು.

ಪಾಠದ ಸಾರ

1) 24 ತಾಸಿನೊಳಗೆ ಗುರುತಿಲ್ಲದೆ ಇಳಿಯುವುದು ಗಂಧೆ, ನಿಂತು ಕಲೆ ಬಿಡುವುದು ಬೇರೆ ಬೇನೆ.
2) ಮೂರು ವಾರ ನೋಟುಬುಕ್ಕಿನಲ್ಲಿ ಬರೆದು ಕಾರಣ ಹುಡುಕಿ. ಕಾರಣ ಬಿಡುವುದೇ ಮೊದಲ ಮದ್ದು.
3) ಚಳಿಯ ಗಂಧೆಗೆ ತಂಪು, ಬೆವರಿನ ಗಂಧೆಗೆ ಬಿಸಿ ಮಾಡಬೇಡಿ.
4) ಒಂದು ಸಲಕ್ಕೆ ಒಂದೇ ಮದ್ದು, ಅದೂ ಹೆಸರು ಮತ್ತು ಪರವಾನಗಿ ಇರುವ ಮದ್ದು.
5) ಮಂಪರಿನ ಮಾತ್ರೆ ನುಂಗಿದವರು ಮರ ಹತ್ತಬಾರದು.
6) ಗಂಟಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ.

ಅಡಿಕೆಗೆ ಕೊಳೆರೋಗ ಬಂದಾಗ ನಾವು ಉದುರಿದ ಕಾಯಿಗೆ ಮದ್ದು ಹೊಡೆಯುವುದಿಲ್ಲ; ಮಳೆಗೆ ಮುಂಚೆಯೇ ಗೊನೆಯನ್ನು ಕಾಯುತ್ತೇವೆ. ಗಂಧೆಯ ವಿಷಯದಲ್ಲೂ ಅದೇ ಕ್ರಮ. ಈ ಸುಗ್ಗಿ ಮುಗಿಯುವ ಮುಂಚೆ ನಿಮ್ಮ ಮನೆಯಲ್ಲಿ ಈ ಬೇನೆಯಿಂದ ನರಳುವವರ ಕೈಗೆ ಒಂದು ನೋಟುಬುಕ್ಕು ಕೊಡಿ.